ಕಷ್ಟಕಾಲದ ಪೇಟೆ: ಮಲಪ್ರಭಾ ಸೀಮೆಯ ಸಣ್ಣ ವ್ಯಾಪಾರ ಮತ್ತು ಮಾರಾಟದ ಹೊಸ ದಾರಿಗಳು

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳು ಮಲಪ್ರಭೆಯ ಹರಿವಿನ ಗುಂಟ ಒಂದರ ಮಗ್ಗುಲಿಗೆ ಒಂದು ಹಬ್ಬಿಕೊಂಡಿವೆ. ಈ ನಾಲ್ಕೂ ಕಡೆಯ ಪೇಟೆಗಳು 2016ರ ನವೆಂಬರಿನ ನೋಟು ರದ್ದತಿಯಿಂದ ಆರಂಭಿಸಿ, 2017ರ ಸರಕು ಮತ್ತು ಸೇವಾ ತೆರಿಗೆ, 2019ರ ಆಗಸ್ಟ್‌ನ ಮಲಪ್ರಭಾ ಪ್ರವಾಹ, 2020 ಮತ್ತು 2021ರ ಲಾಕ್‌ಡೌನ್‌ಗಳು, 2023ರ ಬರ ಹೀಗೆ ಒಂದು ಪೆಟ್ಟಿನಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದನ್ನು ಎದುರಿಸುತ್ತ ಬಂದಿವೆ. ಕಿರಾಣಿ ಅಂಗಡಿ, ಜವಳಿ ಅಂಗಡಿ, ಖಾನಾವಳಿ, ಬಳೆ ಅಂಗಡಿ, ನಾಲ್ಕಾರು ಮಗ್ಗಗಳ ನೇಕಾರ ಮನೆ, ಬೀಜ ಗೊಬ್ಬರದ ಅಂಗಡಿ ಮೊದಲಾದ ಸಣ್ಣ ಉದ್ಯಮಗಳು ಇಂಥ ಕಾಲದಲ್ಲಿ ಇದ್ದ ಗಿರಾಕಿಯನ್ನು ಉಳಿಸಿಕೊಳ್ಳುವುದು, ಹೊಸ ಗಿರಾಕಿಯನ್ನು ಹುಡುಕಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರಜ್ಞರು, ಮಾರುಕಟ್ಟೆ ಶಾಸ್ತ್ರದ ಪಂಡಿತರು, ಸಹಕಾರಿ ಧುರೀಣರು, ಸರ್ಕಾರಿ ಇಲಾಖೆಗಳು ಮತ್ತು ಸ್ವತಃ ವ್ಯಾಪಾರಸ್ಥರು ಕೊಟ್ಟಿರುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಆ ಉತ್ತರಗಳನ್ನು ಕೆಲವು ಪಂಥಗಳಾಗಿ ವಿಂಗಡಿಸಿ ಈ ಸೀಮೆಯ ನೆಲದ ಮೇಲಿಟ್ಟು ಪರಿಶೀಲಿಸುವುದು ಪ್ರಸ್ತುತ ಸಮೀಕ್ಷೆಯ ಉದ್ದೇಶ.

ಚರ್ಚೆಗೆ ಮುನ್ನ ಎರಡು ಮಾತುಗಳ ಅರ್ಥವನ್ನು ಗೊತ್ತುಪಡಿಸಿಕೊಳ್ಳಬೇಕು. ಇಲ್ಲಿ ಮಾರಾಟ ವಿಧಾನವೆಂದರೆ ಕೊಳ್ಳುವವನೂ ಮಾರುವವನೂ ಸಂಧಿಸುವ ಜಾಗ, ಅವರಿಬ್ಬರ ನಡುವಣ ನಂಬಿಕೆ, ಹಣ ಕೈಬದಲಾಗುವ ಹೊತ್ತು ಇವೆಲ್ಲವನ್ನೂ ಒಳಗೊಂಡ ಏರ್ಪಾಟು. ಜಾಹೀರಾತು ಅದರ ಒಂದು ಭಾಗ ಮಾತ್ರ. ಸಣ್ಣ ಉದ್ಯಮವೆಂಬ ಮಾತಿಗೆ ಕಾನೂನಿನ ಅರ್ಥ ಬೇರೆಯೇ ಇದೆ: 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪರಿಷ್ಕೃತ ವ್ಯಾಖ್ಯೆಯಂತೆ 2.5 ಕೋಟಿ ರೂಪಾಯಿಯವರೆಗೆ ಬಂಡವಾಳ ಮತ್ತು 10 ಕೋಟಿಯವರೆಗೆ ವಾರ್ಷಿಕ ವಹಿವಾಟು ಇರುವ ಘಟಕವೂ ಅತಿಸಣ್ಣ ಉದ್ಯಮವೇ. ಇಷ್ಟು ಅಗಲವಾದ ಜರಡಿಯಲ್ಲಿ ತಾಲ್ಲೂಕು ಪೇಟೆಯ ಹತ್ತಿ ಜಿನ್ನಿಂಗ್ ಕಾರ್ಖಾನೆಯೂ ಬಸ್ ನಿಲ್ದಾಣದ ಚಹಾದಂಗಡಿಯೂ ಒಂದೇ ಆಗಿಬಿಡುತ್ತವೆ. ಈ ಲೇಖನ ಗಮನಿಸುವುದು ಮನೆಯವರೇ ದುಡಿಯುವ, ಒಬ್ಬಿಬ್ಬರು ಆಳುಗಳಿರುವ ಅಂಗಡಿ ಮತ್ತು ಮಗ್ಗಗಳನ್ನು.

ಹತ್ತಿ, ಮಗ್ಗ, ಗುಡ್ಡ, ಹೆದ್ದಾರಿ

ಈ ಸೀಮೆಗೆ ವ್ಯಾಪಾರ ಹೊಸದಲ್ಲ. ಸುಗಂಧವರ್ತಿ ಎಂಬ ಹೆಸರಿನ ಸವದತ್ತಿ ರಟ್ಟರ ರಾಜಧಾನಿಯಾಗಿತ್ತು. ಆ ಮನೆತನದ ನಾಲ್ಕನೆಯ ಕಾರ್ತವೀರ್ಯನ ಕಾಲದ, 1204ರ ಬೆಳಗಾವಿಯ ಶಾಸನಗಳು ವರ್ತಕ ಸಮೂಹಗಳನ್ನೂ ಅವರು ಕೊಡುತ್ತಿದ್ದ ಸುಂಕ ದಾನಗಳನ್ನೂ ಹೆಸರಿಸುತ್ತವೆ. ರಾಮದುರ್ಗದಿಂದ ದೂರವಿಲ್ಲದ ಐಹೊಳೆ, ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘಕ್ಕೆ ಹೆಸರು ಕೊಟ್ಟ ಊರು. ಒಬ್ಬಂಟಿ ವರ್ತಕ ದೂರದ ಪೇಟೆಯಲ್ಲಿ ನಂಬಿಕೆ ಗಳಿಸಲಾರ, ಸಂಘದ ಹೆಸರಿದ್ದರೆ ಗಳಿಸಬಲ್ಲ ಎಂಬ ತಿಳಿವಳಿಕೆ ಅಂದಿನದೇ.

ಹತ್ತೊಂಬತ್ತನೆಯ ಶತಮಾನದ ಆಡಳಿತದಲ್ಲಿ ಬೈಲಹೊಂಗಲವು ಸಂಪಗಾವಿ ತಾಲ್ಲೂಕಿಗೂ ಸವದತ್ತಿಯು ಪರಸಗಡ ತಾಲ್ಲೂಕಿಗೂ ಕೇಂದ್ರಸ್ಥಳಗಳಾಗಿದ್ದವು. ರಾಮದುರ್ಗ ಮಾತ್ರ ಭಾವೆ ಮನೆತನದ ಸಂಸ್ಥಾನವಾಗಿ 1948ರವರೆಗೆ ಪ್ರತ್ಯೇಕವಾಗಿ ಉಳಿಯಿತು. ಕಪ್ಪುಮಣ್ಣಿನ ಬೈಲಹೊಂಗಲ ಬೆಳೆದದ್ದು ಹತ್ತಿಯಿಂದ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಲಂಕಾಶೈರಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಧಾರವಾಡ ಬೆಳಗಾವಿ ಭಾಗದ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ 1876ರಿಂದ 1878ರ ಮಹಾಕ್ಷಾಮ ಬಂತು. ದೂರದ ಒಬ್ಬನೇ ಗಿರಾಕಿಯನ್ನು ನಂಬಿದ ಪೇಟೆ ಎಷ್ಟು ಬೇಗ ಉಬ್ಬುತ್ತದೆ, ಎಷ್ಟು ಬೇಗ ಇಳಿಯುತ್ತದೆ ಎಂಬುದಕ್ಕೆ ಈ ಭಾಗದ ಚರಿತ್ರೆಯಲ್ಲೇ ಇರುವ ಮೊದಲ ದೊಡ್ಡ ಸಾಕ್ಷ್ಯವಿದು. 1880ರ ದಶಕದಲ್ಲಿ ಬಂದ ರೈಲುಮಾರ್ಗ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳನ್ನು ಹಿಡಿದು ಹೋಯಿತೇ ಹೊರತು ಈ ನಾಲ್ಕು ಊರುಗಳಲ್ಲಿ ಒಂದನ್ನೂ ಮುಟ್ಟಲಿಲ್ಲ. ಕಿತ್ತೂರಿನ ಮೂಲಕ ಧಾರವಾಡ ಬೆಳಗಾವಿ ನೇರ ಮಾರ್ಗಕ್ಕೆ ಒಪ್ಪಿಗೆ ದೊರೆತದ್ದು 2020ರಲ್ಲಿ. ಸರಕೂ ಗಿರಾಕಿಯೂ ರಸ್ತೆಯ ಮೇಲೆಯೇ ಬರಬೇಕಾದ್ದರಿಂದ ಇಲ್ಲಿಯ ವ್ಯಾಪಾರದ ಚಲನೆ ಬಸ್ಸು, ಚಕ್ಕಡಿ, ಟೆಂಪೊಗಳಿಗೆ ಕಟ್ಟುಬಿದ್ದಿದೆ.

ನಾಲ್ಕೂ ಊರುಗಳು ತಾಲ್ಲೂಕು ಕೇಂದ್ರಗಳೇ ಆದರೂ ಅವುಗಳ ಗಿರಾಕಿ ಒಬ್ಬನೇ ಅಲ್ಲ ಎಂಬ ಸಂಗತಿಗೆ ಸಾಕಷ್ಟು ಗಮನ ಸಿಕ್ಕಿಲ್ಲ. ಬೈಲಹೊಂಗಲಕ್ಕೆ ಬರುವವನು ಪೀಕು ಮಾರಲು ಬಂದ ರೈತ. ಸವದತ್ತಿಗೆ ಬರುವವನು ಯಲ್ಲಮ್ಮನ ಗುಡ್ಡದ ಭಕ್ತ. ಕೊಲ್ಲಾಪುರ, ಸಾಂಗಲಿ ಕಡೆಯ ಮರಾಠಿ ಮಾತಿನವರ ಪಾಲು ಅದರಲ್ಲಿ ದೊಡ್ಡದು. ಕಿತ್ತೂರಿನವನು ಪುಣೆ ಬೆಂಗಳೂರು ಹೆದ್ದಾರಿಯ ದಾರಿಹೋಕ ಅಥವಾ ರಾಣಿ ಚನ್ನಮ್ಮನ ಕೋಟೆ ನೋಡಲು ಬಂದ ಶಾಲಾ ಮಕ್ಕಳ ತಂಡ. ರಾಮದುರ್ಗದ ನೇಕಾರನ ಗಿರಾಕಿಯಂತೂ ಊರಲ್ಲಿಲ್ಲ. ಆತ ಎಲ್ಲೋ ದೂರದ ಸೀರೆ ಅಂಗಡಿಯಲ್ಲಿದ್ದಾನೆ, ನಡುವೆ ನೂಲು ಕೊಟ್ಟು ನೇಯಿಸಿಕೊಳ್ಳುವ ಮಾಸ್ತರ್ ನೇಕಾರನೂ ಸಗಟು ವ್ಯಾಪಾರಿಯೂ ಇದ್ದಾರೆ. ಒಂದೇ ಸಲಹೆಯನ್ನು ನಾಲ್ಕೂ ಕಡೆ ಹಂಚುವ ತರಬೇತಿ ಶಿಬಿರಗಳು ಫಲ ಕೊಡದಿರುವುದಕ್ಕೆ ಇದೇ ಮುಖ್ಯ ಕಾರಣವೆಂದು ತೋರುತ್ತದೆ.

ಜನ ಕೂಡುವ ಕಡೆ ಅಂಗಡಿ

ಮೊದಲನೆಯ ಪಂಥ ಅತ್ಯಂತ ಹಳೆಯದು: ಗಿರಾಕಿ ಅಂಗಡಿಗೆ ಬಾರದಿದ್ದರೆ ಅಂಗಡಿ ಗಿರಾಕಿಯ ಬಳಿಗೆ ಹೋಗಬೇಕು. ಆವರ್ತಕ ಮಾರುಕಟ್ಟೆ, ಅಂದರೆ ಗೊತ್ತಾದ ದಿನಗಳಲ್ಲಿ ಕೂಡಿ ಚದುರುವ ಸಂತೆಯನ್ನು ಕುರಿತು ಭೂಗೋಳಶಾಸ್ತ್ರಜ್ಞರೂ ಮಾನವಶಾಸ್ತ್ರಜ್ಞರೂ ಸಾಕಷ್ಟು ಬರೆದಿದ್ದಾರೆ. ಜರ್ಮನಿಯ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ ಮಂಡಿಸಿದ ಕೇಂದ್ರಸ್ಥಳ ಸಿದ್ಧಾಂತದ ಪ್ರಕಾರ ಪ್ರತಿಯೊಂದು ಸರಕಿಗೂ ಬದುಕಲು ಬೇಕಾದ ಕನಿಷ್ಠ ಬೇಡಿಕೆಯೊಂದಿದೆ. ಚೀನಾದ ಹಳ್ಳಿಗಳನ್ನು ಅಭ್ಯಸಿಸಿದ ವಿಲಿಯಂ ಸ್ಕಿನ್ನರ್ ಮೊದಲಾದವರು ಅದೇ ಜಾಡಿನಲ್ಲಿ ಮುಂದುವರಿದು, ಒಂದು ಊರಿನ ನಿತ್ಯದ ಬೇಡಿಕೆ ಆ ಕನಿಷ್ಠವನ್ನು ಮುಟ್ಟದಿದ್ದಾಗ ವ್ಯಾಪಾರಿ ವಾರದುದ್ದಕ್ಕೂ ಸಂತೆಯಿಂದ ಸಂತೆಗೆ ತಿರುಗಿ ಹಲವು ಊರುಗಳ ಬೇಡಿಕೆಯನ್ನು ಒಟ್ಟುಗೂಡಿಸಿಕೊಳ್ಳುತ್ತಾನೆ ಎಂದು ವಿವರಿಸಿದರು. ಕೆಟ್ಟ ಕಾಲದಲ್ಲಿ ಒಂದೊಂದು ಊರಿನ ಬೇಡಿಕೆಯೂ ಕುಗ್ಗುವುದರಿಂದ ತಿರುಗಾಟ ಹೆಚ್ಚಬೇಕಾಗುತ್ತದೆ ಎಂಬುದು ಇದರ ಸಹಜ ತೀರ್ಮಾನ.

ಸವದತ್ತಿಯ ಯಲ್ಲಮ್ಮನ ಗುಡ್ಡ ಈ ವಾದಕ್ಕೆ ಕರ್ನಾಟಕದಲ್ಲೇ ಸಿಗಬಹುದಾದ ದೊಡ್ಡ ಉದಾಹರಣೆಗಳಲ್ಲೊಂದು. ಹೊಸ್ತಿಲ ಹುಣ್ಣಿಮೆಯಿಂದ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳನ್ನು ದಾಟಿ ಚೈತ್ರದ ದವನದ ಹುಣ್ಣಿಮೆಯವರೆಗೆ ಗುಡ್ಡಕ್ಕೆ ಬರುವ ಜನ ಲಕ್ಷಗಟ್ಟಲೆ. ಇಲ್ಲಿಯ ವ್ಯಾಪಾರದ ಲಯವನ್ನು ನಿರ್ಧರಿಸುವುದು ಆಚರಣೆ: ಹೊಸ್ತಿಲ ಹುಣ್ಣಿಮೆಯಲ್ಲಿ ದೇವಿ ವೈಧವ್ಯ ಹೊಂದುತ್ತಾಳೆ, ಭಾರತ ಹುಣ್ಣಿಮೆಯಲ್ಲಿ ಮತ್ತೆ ಮುತ್ತೈದೆಯಾಗುತ್ತಾಳೆ ಎಂಬ ನಂಬಿಕೆಯಿರುವುದರಿಂದ ಹಸಿರು ಬಳೆ, ಕುಂಕುಮ, ಭಂಡಾರ, ಕುಪ್ಪಸದ ಖಣಗಳ ವ್ಯಾಪಾರ ಏರುವುದು ಯಾವಾಗ ಎಂಬುದನ್ನು ಬಳೆಗಾರ ಪಂಚಾಂಗ ನೋಡಿಯೇ ಹೇಳಬಲ್ಲ. ಭಕ್ತರು ಗುಡ್ಡದಲ್ಲೇ ಒಲೆ ಹೂಡಿ ಹೋಳಿಗೆ ಕಡಬು ಮಾಡಿ ಪಡ್ಡಲಗಿ, ಅಂದರೆ ದೇವಿಯ ನೈವೇದ್ಯದ ಬುಟ್ಟಿ, ತುಂಬಿಸುವ ರೂಢಿಯಿರುವುದರಿಂದ ಬೆಲ್ಲ, ಬೇಳೆ, ಕಟ್ಟಿಗೆ, ತರಕಾರಿಗಳಿಗೂ ಅಲ್ಲಿ ಗಿರಾಕಿಯಿದ್ದಾರೆ. ರಾಮದುರ್ಗ ತಾಲ್ಲೂಕಿನ ಗೊಡಚಿಯ ವೀರಭದ್ರೇಶ್ವರ ಜಾತ್ರೆಯೂ ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವವೂ ಸಣ್ಣ ಪ್ರಮಾಣದಲ್ಲಿ ಇದೇ ಕೆಲಸ ಮಾಡುತ್ತವೆ. ಒಂದು ಜಾತ್ರೆಯ ಉಳಿದ ಸರಕನ್ನು ಇನ್ನೊಂದಕ್ಕೆ ಒಯ್ಯುವ ವ್ಯಾಪಾರಿ ಜಾತ್ರೆಗಳ ಸರಣಿಯನ್ನೇ ತನ್ನ ಅಂಗಡಿಯನ್ನಾಗಿ ಮಾಡಿಕೊಂಡಿರುತ್ತಾನೆ.

ಆದರೆ ಈ ಪಂಥ ಅಪಾಯದ ಬಗ್ಗೆ ಹೇಳುವುದು ಕಡಿಮೆ. 2020ರ ಮಾರ್ಚ್‌ನಲ್ಲಿ ಗುಡಿಯ ಬಾಗಿಲು ಮುಚ್ಚಿ ತಿಂಗಳುಗಟ್ಟಲೆ ತೆರೆಯದಿದ್ದಾಗ ಗುಡ್ಡವನ್ನೇ ನಂಬಿದ್ದ ಕುಟುಂಬಗಳಿಗೆ ಬೇರೆ ಗಿರಾಕಿಯೇ ಇರಲಿಲ್ಲ. ಜೊತೆಗೆ ಜಾತ್ರೆಯ ಗಿರಾಕಿ ವರ್ಷಕ್ಕೊಮ್ಮೆ ಬಂದು ಹೋಗುವವನಾದ್ದರಿಂದ ಅವನ ವಿಳಾಸ, ಮೊಬೈಲ್ ಸಂಖ್ಯೆ, ಅಭಿರುಚಿ ಯಾವುದೂ ವ್ಯಾಪಾರಿಯ ಬಳಿ ಉಳಿಯುವುದಿಲ್ಲ. ಹೊಸ ವಿಧಾನಕ್ಕೆ ಜಾಗವಿರುವುದು ನಿಖರವಾಗಿ ಇಲ್ಲಿಯೇ: ಗುಡ್ಡದ ಬಳೆ ಅಥವಾ ಖಣದ ಅಂಗಡಿ ಕೊಲ್ಲಾಪುರದ ಭಕ್ತರ ತಂಡದ ಮುಖ್ಯಸ್ಥನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಮುಂದಿನ ಹುಣ್ಣಿಮೆಗೆ ಮುನ್ನ ಮರಾಠಿಯಲ್ಲೇ ಒಂದು ಸಂದೇಶ ಕಳಿಸಿದರೆ ಆಗುವ ಖರ್ಚು ತೀರಾ ಅಲ್ಪ, ಆಗಬಹುದಾದ ಲಾಭ ದೊಡ್ಡದು. ಸರ್ಕಾರದ ಯೋಜನೆಗಳ ದೃಷ್ಟಿ ಮಾತ್ರ ಕಟ್ಟಡದ ಕಡೆಗಿದೆ. 2024ರ ಕೊನೆಯಲ್ಲಿ ಕೇಂದ್ರ ಸರ್ಕಾರ ಗುಡ್ಡದ ಅಭಿವೃದ್ಧಿಗೆ 100 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ; ಅದು ಮುಗಿದಾಗ ತಳ್ಳುಗಾಡಿಯವರಿಗೂ ನೆಲಹಾಸಿನ ಅಂಗಡಿಯವರಿಗೂ ಜಾಗ ಎಲ್ಲಿ ಎಂಬುದನ್ನು ಈಗಲೇ ಸ್ಪಷ್ಟಪಡಿಸಿಕೊಳ್ಳುವುದು ಲೇಸು.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ, ಅಂದರೆ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ, ಈ ಚರ್ಚೆಯ ಸ್ವರೂಪವನ್ನೇ ಬದಲಿಸಿದೆ. ಯಲ್ಲಮ್ಮನ ಗುಡ್ಡಕ್ಕೆ ಬರುವ ಮಹಿಳೆಯರ ಸಂಖ್ಯೆ ಅದರಿಂದ ಹೆಚ್ಚಿತು. ಆದರೆ ಅಮೆರಿಕದ ವಿಲಿಯಂ ರೈಲಿ 1931ರಲ್ಲಿ ರೂಪಿಸಿದ ಚಿಲ್ಲರೆ ವ್ಯಾಪಾರದ ಗುರುತ್ವ ನಿಯಮವನ್ನು ಇಲ್ಲಿ ನೆನೆಯಬೇಕು: ಊರು ದೊಡ್ಡದಾದಷ್ಟೂ ಸೆಳೆತ ಹೆಚ್ಚು, ದೂರ ಬೆಳೆದಷ್ಟೂ ಸೆಳೆತ ಅದರ ವರ್ಗದ ಪ್ರಮಾಣದಲ್ಲಿ ಕಡಿಮೆ. ಬಸ್ ದರ ಸೊನ್ನೆಯಾದಾಗ ಮಹಿಳೆಯರ ಪಾಲಿಗೆ ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳ ದೂರವೇ ಕುಗ್ಗಿದಂತಾಗುತ್ತದೆ. ಹಾಗಾಗಿ ಸವದತ್ತಿಗೆ ಗಿರಾಕಿಗಳನ್ನು ತಂದ ಅದೇ ಬಸ್ಸು ಬೈಲಹೊಂಗಲದ ಜವಳಿ ಅಂಗಡಿಯ ಗಿರಾಕಿಯನ್ನು ಬೆಳಗಾವಿಯ ದೊಡ್ಡ ಮಳಿಗೆಗೆ ಒಯ್ದಿರುವುದು ಸಾಧ್ಯ. ಪ್ರಯಾಣದ ಸ್ವಾತಂತ್ರ್ಯ ಮಹಿಳೆಯರಿಗೆ ಅತ್ಯಗತ್ಯವಾಗಿದ್ದುದು ನಿಜ. ತಾಲ್ಲೂಕು ಪೇಟೆ ಅದಕ್ಕೆ ತಕ್ಕಂತೆ ತನ್ನ ವಿಶೇಷತೆಯನ್ನು ಕಟ್ಟಿಕೊಳ್ಳಬೇಕಾಗಿದೆ.

ಉದ್ರಿ ಮತ್ತು ಗುರುತು

ಎರಡನೆಯ ಪಂಥದವರು ಜಾಗಕ್ಕಿಂತ ಸಂಬಂಧಕ್ಕೆ ಬೆಲೆ ಕೊಡುತ್ತಾರೆ. ಮೊರಾಕ್ಕೊ ದೇಶದ ಸೆಫ್ರೂ ಪಟ್ಟಣದ ಬಜಾರನ್ನು ಅಭ್ಯಸಿಸಿದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ 1978ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಬಜಾರಿನಲ್ಲಿ ಎಲ್ಲಕ್ಕಿಂತ ದುರ್ಲಭವಾದದ್ದು ನಂಬಬಹುದಾದ ಮಾಹಿತಿ, ಆದ್ದರಿಂದಲೇ ಕೊಳ್ಳುವವರು ಅಂಗಡಿಯಿಂದ ಅಂಗಡಿಗೆ ಅಲೆಯುವ ಬದಲು ಗೊತ್ತಿದ್ದವನನ್ನೇ ಹಿಡಿಯುತ್ತಾರೆ ಎಂದು ವಾದಿಸಿದರು. ನಮ್ಮ ದೇಶದ ಸಣ್ಣ ಪಟ್ಟಣಗಳ ವ್ಯಾಪಾರವನ್ನು ದಶಕಗಳ ಕಾಲ ಗಮನಿಸಿದ ಬಾರ್ಬರಾ ಹ್ಯಾರಿಸ್ ವೈಟ್ ಅವರು ಈ ಸಂಬಂಧಗಳ ಇನ್ನೊಂದು ಮುಖವನ್ನು ತೋರಿಸಿದರು: ಜಾತಿ, ಕುಟುಂಬ, ಧರ್ಮ, ಲಿಂಗಗಳೇ ಪೇಟೆಯ ಒಳಗೆ ಯಾರಿಗೆ ಸಾಲ, ಯಾರಿಗೆ ಜಾಗ, ಯಾರಿಗೆ ಸರಕು ಎಂಬುದನ್ನು ನಿರ್ಧರಿಸುತ್ತವೆ. ಗುರುತು ಒಬ್ಬನಿಗೆ ಆಸರೆಯಾಗುವಲ್ಲೇ ಮತ್ತೊಬ್ಬನಿಗೆ ಬೇಲಿಯಾಗುತ್ತದೆ ಎಂಬುದನ್ನು ಸಂಬಂಧವನ್ನು ಹೊಗಳುವವರು ಮರೆಯಬಾರದು.

ಈ ಸೀಮೆಯಲ್ಲಿ ಸಂಬಂಧದ ಮುಖ್ಯ ರೂಪ ಉದ್ರಿ. ರೈತನ ಮನೆಯ ಕಿರಾಣಿ, ಮಕ್ಕಳ ಬಟ್ಟೆ, ಬೀಜ, ಔಷಧಿ ಎಲ್ಲವೂ ಖಾತೆಯ ವಹಿಯಲ್ಲಿ ಏರುತ್ತ ಹೋಗಿ ಸುಗ್ಗಿಯಲ್ಲಿ ಇಳಿಯುತ್ತವೆ. ಅಡತಿ ಅಂಗಡಿ, ಅಂದರೆ ರೈತನ ಪೀಕನ್ನು ಕಮಿಷನ್ ಮೇಲೆ ಮಾರಿಸಿಕೊಡುವ ದಲಾಲಿ ಅಂಗಡಿ, ಎಷ್ಟೋ ವೇಳೆ ಮುಂಗಡವನ್ನೂ ಕೊಟ್ಟು ಆ ಪೀಕು ತನ್ನಲ್ಲಿಗೇ ಬರುವಂತೆ ನೋಡಿಕೊಳ್ಳುತ್ತದೆ. ಕಬ್ಬು ಬೆಳೆದ ರೈತನ ಜೇಬು ತುಂಬುವುದು ಕಾರ್ಖಾನೆಯ ಬಿಲ್ ಬಂದಾಗ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆಯಾದರೂ ಬಾಕಿಯ ಕೂಗು ಇಲ್ಲಿ ಹೊಸತಲ್ಲ. ಬಿಲ್ ತಡವಾದರೆ ರೈತ ಕಿರಾಣಿಯವನಿಗೆ, ಕಿರಾಣಿಯವನು ಸಗಟು ವ್ಯಾಪಾರಿಗೆ ಬಾಕಿ ಉಳಿಸಿಕೊಳ್ಳುತ್ತಾರೆ. 2024ರ ಮುಂಗಾರಿನ ಸೋಯಾ ಅವರೆಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,892 ರೂಪಾಯಿ ಆಗಿದ್ದಾಗ ಮಾರುಕಟ್ಟೆಯ ದರ ಅದಕ್ಕಿಂತ ಕೆಳಗಿತ್ತು. ಸೋಯಾ ಬೆಳೆಯುವ ಬೈಲಹೊಂಗಲ ಸೀಮೆಯಲ್ಲಿ ಆ ಅಂತರ ನೇರವಾಗಿ ಅಂಗಡಿಯ ಖಾತೆಯ ಮೇಲೆ ಬೀಳುತ್ತದೆ.

ಹೀಗೆ ನೋಡಿದಾಗ ಈ ಭಾಗದ ಕಷ್ಟಕಾಲ ಬೇಡಿಕೆಯ ಅಭಾವವಾಗಿ ಕಾಣಿಸಿಕೊಳ್ಳುವುದಕ್ಕಿಂತ ಹಣದ ಹೊತ್ತು ತಪ್ಪುವುದಾಗಿ ಕಾಣಿಸಿಕೊಳ್ಳುತ್ತದೆ. ಗಿರಾಕಿಗೆ ಬೇಕು, ಆದರೆ ಈಗ ಕೈಯಲ್ಲಿಲ್ಲ. ಹಣ ಬರುವ ಪಂಚಾಂಗವನ್ನು ಅರಿಯದ ಯಾವ ಮಾರಾಟ ವಿಧಾನವೂ, ಅದು ಎಷ್ಟೇ ಹೊಸದಾಗಿರಲಿ, ಇಲ್ಲಿ ಬಾಳುವುದಿಲ್ಲ ಎಂಬುದು ಈ ಸಮೀಕ್ಷೆಯ ನಿಲುವು. ಉತ್ತರ ಕರ್ನಾಟಕದ ಪಟ್ಟಣಗಳಲ್ಲಿ ಚಾಲ್ತಿಯಲ್ಲಿರುವ ಭಿಶಿ, ಅಂದರೆ ತಿಂಗಳು ತಿಂಗಳು ಎಲ್ಲರೂ ಹಣ ಹಾಕಿ ಸರದಿಯಂತೆ ಎತ್ತಿಕೊಳ್ಳುವ ಉಳಿತಾಯದ ಏರ್ಪಾಟು, ಈ ತೊಡಕಿಗೆ ಜನರೇ ಕಂಡುಕೊಂಡ ಉತ್ತರ. ಕಂತಿನಲ್ಲಿ ಹಣ ಕಟ್ಟಿಸಿಕೊಂಡು ದೀಪಾವಳಿಗೋ ಮದುವೆಗೋ ಸರಕು ಕೊಡುವ ಬಟ್ಟೆ, ಪಾತ್ರೆ, ಬಂಗಾರದ ಅಂಗಡಿಗಳು ಇದನ್ನೇ ಮಾರಾಟ ವಿಧಾನವನ್ನಾಗಿ ಮಾಡಿಕೊಂಡಿವೆ. ಉದ್ರಿಯಲ್ಲಿ ಸರಕು ಮೊದಲು, ಹಣ ಆಮೇಲೆ. ಭಿಶಿಯಲ್ಲಿ ಹಣ ಮೊದಲು, ಸರಕು ಆಮೇಲೆ. ಎರಡನೆಯದು ವ್ಯಾಪಾರಿಯನ್ನು ಸಾಲದಿಂದ ಉಳಿಸುತ್ತದೆ, ಆದರೆ ಗಿರಾಕಿಯನ್ನು ಅಪಾಯಕ್ಕೆ ಒಡ್ಡುತ್ತದೆ. 1982ರ ಚಿಟ್ ಫಂಡ್ ಕಾಯ್ದೆಯೂ ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ 2019ರ ಕಾಯ್ದೆಯೂ ಇರುವುದರಿಂದ ಮುಂಗಡಕ್ಕೂ ಠೇವಣಿಗೂ ನಡುವಿನ ಗೆರೆ ಎಲ್ಲಿದೆ ಎಂದು ತಿಳಿದವರನ್ನು ಕೇಳಿಯೇ ವ್ಯಾಪಾರಿ ಮುಂದುವರಿಯಬೇಕು.

ಇತ್ತೀಚೆಗೆ ಈ ಲೆಕ್ಕಾಚಾರದಲ್ಲಿ ಮೂರನೆಯವರೂ ಸೇರಿದ್ದಾರೆ. ಮೈಕ್ರೊ ಫೈನಾನ್ಸ್ ಸಂಸ್ಥೆಗಳ ವಾರದ ಕಂತು ಮನೆಯ ಮೊದಲ ಖರ್ಚಾಗಿ ನಿಂತಾಗ ಅಂಗಡಿಯ ಬಾಕಿ ಹಿಂದೆ ಬೀಳುತ್ತದೆ. ವಸೂಲಿಯ ಕಿರುಕುಳ ಮಿತಿಮೀರಿದ್ದರಿಂದ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಇನ್ನೊಂದು ಕಡೆ, 2023ರ ಆಗಸ್ಟ್‌ನಿಂದ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಮನೆಯೊಡತಿಯ ಖಾತೆಗೇ ಜಮೆಯಾಗತೊಡಗಿದ ಮೇಲೆ, ಸುಗ್ಗಿಯ ಹಂಗಿಲ್ಲದ, ಹೆಣ್ಣುಮಕ್ಕಳೇ ನಿರ್ಧರಿಸುವ ಒಂದು ಚಿಕ್ಕ ಖರ್ಚಿನ ಧಾರೆ ಈ ಪೇಟೆಗಳಲ್ಲಿ ಹುಟ್ಟಿಕೊಂಡಿದೆ. ಗಂಡಸರ ಹೆಸರಿನ ಖಾತೆ ವಹಿಯನ್ನೇ ನೋಡಿ ರೂಢಿಯಾದ ವ್ಯಾಪಾರಸ್ಥರು ಈ ಬದಲಾವಣೆಯನ್ನು ಇನ್ನೂ ಪೂರ್ತಿ ಗಮನಿಸಿದಂತಿಲ್ಲ.

ಕಷ್ಟದಲ್ಲಿಯೂ ಸಾರಬೇಕೆನ್ನುವವರು

ಜಾಹೀರಾತಿನ ಪಂಥದ ವಾದ ಸರಳವಾದದ್ದು. ಅಮೆರಿಕದ ರೋಲಂಡ್ ವೇಯ್ಲ್ 1927ರಲ್ಲಿ, 1920 ಮತ್ತು 1921ರ ವ್ಯಾಪಾರ ಕುಸಿತದಲ್ಲಿ ಜಾಹೀರಾತನ್ನು ಹೆಚ್ಚಿಸಿದ ಕಂಪನಿಗಳು ಕಡಿತ ಮಾಡಿದವುಗಳಿಗಿಂತ ಚೆನ್ನಾಗಿ ಉಳಿದವು ಎಂದು ತೋರಿಸಿದರು. ಅಂದಿನಿಂದಲೂ ಪ್ರತಿಯೊಂದು ಕುಸಿತದಲ್ಲಿ ಈ ಮಾತು ಮರಳಿ ಕೇಳಿಬರುತ್ತದೆ. ಆ ಅಧ್ಯಯನಕ್ಕೆ ಒಂದು ಮೂಲ ತೊಡಕಿದೆ: ಜಾಹೀರಾತಿನಿಂದ ಕಂಪನಿ ಉಳಿಯಿತೋ, ಉಳಿಯುವಷ್ಟು ಗಟ್ಟಿಯಾಗಿದ್ದ ಕಂಪನಿಗೆ ಮಾತ್ರ ಜಾಹೀರಾತಿಗೆ ಹಣವಿತ್ತೋ ಎಂಬುದು ಅದರಿಂದ ಖಚಿತವಾಗುವುದಿಲ್ಲ. ಆಸ್ಟ್ರೇಲಿಯಾದ ಬೈರನ್ ಶಾರ್ಪ್ 2010ರ ಪುಸ್ತಕದಲ್ಲಿ, ಆಂಡ್ರೂ ಎಹ್ರೆನ್‌ಬರ್ಗ್ ಅವರ ಸಂಖ್ಯಾಶಾಸ್ತ್ರೀಯ ಕೆಲಸವನ್ನು ಆಧರಿಸಿ, ಸರಕೊಂದು ಬೆಳೆಯುವುದು ನಿಷ್ಠಾವಂತ ಗಿರಾಕಿಗಳಿಂದಲ್ಲ, ಅಪರೂಪಕ್ಕೆ ಕೊಳ್ಳುವ ಅಸಂಖ್ಯ ಜನರಿಂದ ಎಂದರು. ಇದು ಉದ್ರಿ ಪಂಥಕ್ಕೆ ನೇರ ವಿರುದ್ಧವಾದ ಮಾತು. ಸಾಬೂನಿನ ಕಂಪನಿಗೆ ಅದು ಒಪ್ಪಬಹುದು; ಸುತ್ತಲ ಇಪ್ಪತ್ತು ಹಳ್ಳಿಗಳೇ ಲೋಕವಾಗಿರುವ ಅಂಗಡಿಗೆ ಅದನ್ನು ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಆದರೂ ಕಿತ್ತೂರಿನ ಹೆದ್ದಾರಿ ಬದಿಯ ಖಾನಾವಳಿಗೆ ಶಾರ್ಪ್ ಅವರ ಮಾತೇ ಸರಿ, ಏಕೆಂದರೆ ಅಲ್ಲಿಯ ಗಿರಾಕಿ ಮರಳಿ ಬರುವುದು ಅಪರೂಪ. ದೂರದಿಂದ ಕಾಣುವ ಫಲಕ, ಮೊಬೈಲ್ ನಕ್ಷೆಯಲ್ಲಿ ಸರಿಯಾದ ಗುರುತು, ಜೋಳದ ರೊಟ್ಟಿ ಎಣ್ಣೆಗಾಯಿ ಸಿಗುತ್ತದೆಂಬ ಒಂದು ಸಾಲು ಅಲ್ಲಿ ಗಿರಾಕಿಗೆ ಉದ್ರಿ ಕೊಡುವುದಕ್ಕಿಂತ ಮುಖ್ಯ.

ಕೂಡಿ ಮಾರುವುದು

ಸಹಕಾರ ಪಂಥಕ್ಕೆ ಈ ನೆಲದಲ್ಲಿ ಆಳವಾದ ಬೇರಿದೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘ ದೇಶಕ್ಕೇ ಮಾದರಿಯಾಯಿತು. 1910ರ ದಶಕದಲ್ಲಿ ಹುಬ್ಬಳ್ಳಿ ಮತ್ತು ಗದಗಗಳಲ್ಲಿ ಹತ್ತಿಯನ್ನು ಒಟ್ಟಾಗಿ ಮಾರುವ ಸಂಘಗಳು ಹುಟ್ಟಿದವು. ಬೆಳಗಾವಿ ತಾಲ್ಲೂಕಿನ ಹುದಲಿಯಲ್ಲಿ 1937ರ ಏಪ್ರಿಲ್‌ನಲ್ಲಿ ಗಾಂಧೀಜಿ ತಂಗಿದ್ದರು. ಆ ಊರಿನ ಖಾದಿ ಗ್ರಾಮೋದ್ಯೋಗ ಸಂಘ ಖಾದಿಯ ಜೊತೆಗೆ ಉಪ್ಪಿನಕಾಯಿಯನ್ನೂ ಮಾಡಿ ಮಾರುತ್ತ ಒಂದು ಸರಕಿನ ಹೆಸರಿನಿಂದ ಇನ್ನೊಂದನ್ನು ಬಾಳಿಸಿತು. ಮುಂಬಯಿಯ ಗಿರಗಾಂವದಲ್ಲಿ 1959ರಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲದಿಂದ ಆರಂಭಿಸಿದ ಲಿಜ್ಜತ್ ಹಪ್ಪಳದ ಕತೆ ಎಲ್ಲರಿಗೂ ಗೊತ್ತು.

ರಾಮದುರ್ಗದ ನೇಕಾರಿಕೆ ಈ ಪಂಥದ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ನೂಲು ಕೊಟ್ಟು ಬಟ್ಟೆ ಪಡೆದು, ಪ್ರಿಯದರ್ಶಿನಿ ಮಳಿಗೆಗಳ ಮೂಲಕ ಮಾರಿತು. ಶಾಲಾ ಮಕ್ಕಳ ಸಮವಸ್ತ್ರದ ವಿದ್ಯಾ ವಿಕಾಸ ಯೋಜನೆಯ ಬೇಡಿಕೆಯನ್ನೂ ಮಗ್ಗಗಳಿಗೆ ತಂದಿತು. ಸರ್ಕಾರವೇ ಗಿರಾಕಿಯಾದಾಗ ನೇಕಾರನಿಗೆ ಕೂಲಿ ನಿಶ್ಚಿತವಾಗುತ್ತದೆ, ಆದರೆ ಪೇಟೆಯ ರುಚಿ ಗೊತ್ತಾಗುವುದು ನಿಲ್ಲುತ್ತದೆ. ಸರ್ಕಾರದ ಬೇಡಿಕೆ ಕುಗ್ಗಿದ ದಿನ ಅವನ ಕೈಯಲ್ಲಿ ಗಿರಾಕಿಯ ವಿಳಾಸವೇ ಇರುವುದಿಲ್ಲ. ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆಯಿದ್ದರೂ ವಿದ್ಯುತ್ ಮಗ್ಗದ ನಕಲು ಅಗ್ಗವಾಗಿ ಬರುವುದು ನಿಂತಿಲ್ಲ. 2019ರ ಪ್ರವಾಹದಲ್ಲಿ ರಾಮದುರ್ಗದ ನೇಕಾರರ ಓಣಿಗಳಿಗೆ ನೀರು ನುಗ್ಗಿ ಮಗ್ಗಗಳು ಮುಳುಗಿದ ಮೇಲೆ ಬಂದದ್ದು ಲಾಕ್‌ಡೌನ್. 2020ರಲ್ಲಿ ಆರಂಭವಾದ ನೇಕಾರ ಸಮ್ಮಾನ್ ಯೋಜನೆಯ 2,000 ರೂಪಾಯಿ, ಆಮೇಲೆ 5,000 ರೂಪಾಯಿ, ವರ್ಷಕ್ಕೊಮ್ಮೆಯ ನೆರವಾಯಿತೇ ಹೊರತು ಗಿರಾಕಿಯನ್ನು ತರಲಿಲ್ಲ.

ಪಕ್ಕದ ಇಳಕಲ್ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಒಂದು ಸರಕಿನ ಹೆಸರನ್ನು ಅದರ ಮೂಲಸ್ಥಳದವರಿಗೇ ಮೀಸಲಿಡುವ ಕಾನೂನಿನ ರಕ್ಷಣೆ, ದೊರೆತಿದೆ. ಆ ಹೆಸರುಗಳ ನೆರಳಿನಲ್ಲಿರುವ ರಾಮದುರ್ಗ ಮತ್ತು ಅದೇ ತಾಲ್ಲೂಕಿನ ಸುರೇಬಾನಿನ ಮಗ್ಗಗಳು ತಮ್ಮದೇ ಹೆಸರನ್ನು ಕಟ್ಟಬೇಕೋ, ದೊಡ್ಡ ಹೆಸರಿನ ಜೊತೆಗೆ ಸೇರಬೇಕೋ ಎಂಬುದು ನೇಕಾರ ಸಮುದಾಯವೇ ಕೂತು ನಿರ್ಧರಿಸಬೇಕಾದ ಮಾತು. ಕಾನೂನಿನ ರಕ್ಷಣೆಯೂ ಶಾಶ್ವತವಲ್ಲ ಎಂಬುದಕ್ಕೆ ನೆರೆಯಲ್ಲೇ ನಿದರ್ಶನವಿದೆ: ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘ ಮಾನ್ಯತೆ ಪಡೆದ ರಾಷ್ಟ್ರಧ್ವಜಗಳಿಗೆ ಹೆಸರಾಗಿತ್ತು; 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಯನ್ನು ತಿದ್ದಿ ಯಂತ್ರದ ಮತ್ತು ಪಾಲಿಯೆಸ್ಟರ್ ಧ್ವಜಗಳಿಗೆ ಅವಕಾಶ ಕೊಟ್ಟಾಗ ಆ ಭದ್ರ ಬೇಡಿಕೆಯೇ ಅಲುಗಾಡಿತು.

ಮೊಬೈಲಿನ ಪೇಟೆ

2016ರಲ್ಲಿ ಯುಪಿಐ, 2018ರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್, ಆಮೇಲೆ ರೀಲ್ಸ್ ಬಂದ ಮೇಲೆ, ಮೊಬೈಲ್ ಇದ್ದವನಿಗೆ ಜಗತ್ತೇ ಪೇಟೆ ಎಂಬ ಮಾತು ಸಾಮಾನ್ಯವಾಯಿತು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ವಿವರಿಸಿದ ದುರ್ಬಲ ನಂಟುಗಳ ಬಲ ಇಲ್ಲಿ ಅನ್ವಯಿಸುತ್ತದೆ: ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ, ಹೊಸ ಗಿರಾಕಿ ಬರುವುದು ಅಲ್ಪ ಪರಿಚಯದವರ ಮೂಲಕ. ಊರು ಬಿಟ್ಟು ಬೆಂಗಳೂರು, ಪುಣೆ, ಗೋವೆಗಳಲ್ಲಿ ದುಡಿಯುತ್ತಿರುವ ಈ ಸೀಮೆಯ ಮಕ್ಕಳು ಅಂಥ ನಂಟಿನವರು. ಶೇಂಗಾ ಹೋಳಿಗೆ, ಖಡಕ್ ರೊಟ್ಟಿ, ಚಟ್ನಿಪುಡಿಗಳನ್ನು ಸ್ವಸಹಾಯ ಸಂಘಗಳ ಮಹಿಳೆಯರು ಪೊಟ್ಟಣ ಕಟ್ಟಿ ಅವರಿಗೆ ಕಳಿಸುವುದು ಸ್ಥಳೀಯ ಗುರುತನ್ನು ದೂರಕ್ಕೆ ಒಯ್ಯುವ ವಿಧಾನ. ಇದಕ್ಕೆ ಪ್ರತಿಯಾಗಿ, ದೊಡ್ಡ ಜಾಲತಾಣದಲ್ಲಿ ದೇಶದ ಎಲ್ಲರೊಡನೆ ಬೆಲೆಯಲ್ಲಿ ಪೈಪೋಟಿಗಿಳಿಯುವ ತಾಲ್ಲೂಕಿನ ಅಂಗಡಿ ತನಗಿದ್ದ ಒಂದೇ ಬಲವನ್ನು, ಅಂದರೆ ಪರಿಚಯವನ್ನು, ತಾನಾಗಿ ಬಿಟ್ಟುಕೊಟ್ಟಂತಾಗುತ್ತದೆ.

ಡಿಜಿಟಲ್ ದಾರಿ ವ್ಯಾಪಾರವನ್ನು ತೆರಿಗೆಯ ಬೆಳಕಿಗೂ ತರುತ್ತದೆ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ಆಧರಿಸಿ, ಸರಕಿನ ವ್ಯಾಪಾರಕ್ಕಿರುವ 40 ಲಕ್ಷ ರೂಪಾಯಿಯ ಮಿತಿ ದಾಟಿದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ವಿರೋಧ ಎದ್ದ ಮೇಲೆ ಸರ್ಕಾರ ಹಳೆಯ ಬಾಕಿಯ ವಸೂಲಿಯಿಂದ ಹಿಂದೆ ಸರಿದರೂ ಅಷ್ಟರಲ್ಲಾಗಲೇ ಹಲವು ಅಂಗಡಿಗಳು ಕ್ಯೂಆರ್ ಫಲಕವನ್ನು ತೆಗೆದು ನಗದನ್ನೇ ಕೇಳತೊಡಗಿದ್ದವು. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕು ಮಾರುವವನಿಗೂ ಲೆಕ್ಕಪತ್ರ ಇಲ್ಲದಿದ್ದರೆ ಅದನ್ನು ಸಾಬೀತುಪಡಿಸುವುದು ಕಷ್ಟ. ಹೊಸ ವಿಧಾನ ಕಲಿಸುವ ತರಬೇತಿಗಳಲ್ಲಿ ರೀಲ್ಸ್ ಮಾಡುವುದಕ್ಕಿಂತ ಮೊದಲು ಲೆಕ್ಕ ಬರೆಯುವುದನ್ನು ಹೇಳಿಕೊಡಬೇಕು.

ಕೈಯಲ್ಲಿರುವುದರಿಂದ ಆರಂಭ

ಭಾರತ ಮೂಲದ ವಿದ್ವಾಂಸೆ ಸರಸ್ ಸರಸ್ವತಿ 2001ರಲ್ಲಿ ಮಂಡಿಸಿದ ವಿಚಾರ ಈ ಎಲ್ಲ ಪಂಥಗಳಿಗೂ ಪೂರಕವಾಗಿದೆ. ಅನುಭವಿ ಉದ್ಯಮಿಗಳು ಮೊದಲು ಗುರಿ ಗೊತ್ತುಮಾಡಿ ಆಮೇಲೆ ಸಾಧನ ಹುಡುಕುವುದಿಲ್ಲ. ತಾವು ಯಾರು, ತಮಗೇನು ಗೊತ್ತು, ತಮಗೆ ಯಾರು ಗೊತ್ತು ಎಂಬಲ್ಲಿಂದ ಹೊರಟು, ಎಷ್ಟು ಲಾಭ ಬರಬಹುದೆಂದು ಎಣಿಸುವ ಬದಲು ಎಷ್ಟು ಕಳೆದುಕೊಂಡರೆ ತಾಳಿಕೊಳ್ಳಬಹುದೆಂದು ಎಣಿಸುತ್ತಾರೆ. ಒಂದು ಹುಣ್ಣಿಮೆಗೆ, ಒಂದು ಓಣಿಗೆ, ಒಂದು ಸರಕಿಗೆ ಸೀಮಿತವಾದ ಪ್ರಯೋಗ ಸೋತರೂ ಮನೆ ಮುಳುಗದಂತಿರಬೇಕೆಂಬ ಈ ಸೂತ್ರ, ಬಂಡವಾಳ ಕಡಿಮೆಯಿರುವ ಕಡೆ ಬೇರೆಲ್ಲ ಸಲಹೆಗಳಿಗಿಂತ ಹೆಚ್ಚು ಕ್ಷೇಮಕರ.

ಇನ್ನೂ ಇತ್ಯರ್ಥವಾಗದ ಪ್ರಶ್ನೆಗಳು

ಶಕ್ತಿ ಯೋಜನೆಯಿಂದ ತಾಲ್ಲೂಕು ಪೇಟೆಗಳಿಗೆ ಒಟ್ಟಾರೆ ಗಿರಾಕಿ ಬಂದರೋ ಹೋದರೋ ಎಂಬುದು ಮೊದಲನೆಯ ಪ್ರಶ್ನೆ. ಸವದತ್ತಿಯ ಉತ್ತರ ಬೈಲಹೊಂಗಲದ ಉತ್ತರವಾಗಿರಲಾರದು, ಕಿತ್ತೂರಿಗೆ ರೈಲು ಬಂದ ದಿನ ಇದೇ ಪ್ರಶ್ನೆ ಮತ್ತೆ ಹೊಸದಾಗಿ ಏಳುತ್ತದೆ. ಉದ್ರಿ ಗಿರಾಕಿಯನ್ನು ಹಿಡಿದಿಡುವ ಬಂಡವಾಳವೋ ಅಂಗಡಿಯನ್ನು ಮುಳುಗಿಸುವ ಭಾರವೋ ಎಂಬುದು ಎರಡನೆಯದು, ಮತ್ತು ಎಲ್ಲಕ್ಕಿಂತ ಕಠಿಣವಾದದ್ದು: ಬರದ ವರ್ಷದಲ್ಲಿ ಉದ್ರಿ ನಿಲ್ಲಿಸಿದ ಅಂಗಡಿಗೆ ಮಳೆ ಬಂದ ವರ್ಷ ಗಿರಾಕಿ ಮರಳುತ್ತಾನೆಯೇ ಎಂಬುದಕ್ಕೆ ಯಾವ ಪಂಥದಲ್ಲೂ ಖಚಿತವಾದ ಉತ್ತರವಿಲ್ಲ. ರಾಮದುರ್ಗದ ಮಗ್ಗಗಳಿಗೆ ಸರ್ಕಾರದ ಬೇಡಿಕೆಯ ಭದ್ರತೆಯೂ ಪೇಟೆಯ ಅರಿವೂ ಒಟ್ಟಿಗೆ ಸಿಗುವ ಬಗೆ ಯಾವುದು ಎಂಬುದು ಬಗೆಹರಿದಿಲ್ಲ. ಮೊಬೈಲಿನ ದಾರಿಯಿಂದ ಲಾಭವಾದದ್ದು ಮೊದಲೇ ಗಟ್ಟಿಯಾಗಿದ್ದವರಿಗೋ, ಪೇಟೆಯ ಒಳಗೆ ಜಾಗವೇ ಸಿಗದಿದ್ದ ಜಾತಿಯವರಿಗೂ ಹೆಣ್ಣುಮಕ್ಕಳಿಗೂ ಅದು ಬಾಗಿಲು ತೆರೆಯಿತೋ ಎಂಬುದನ್ನೂ ನೋಡಬೇಕಾಗಿದೆ.

ಇವುಗಳಿಗೆ ಉತ್ತರ ಹೊರಗಿನಿಂದ ಬರಲಾರದು. ಸಾಕ್ಷ್ಯ ಇರುವುದು ಈ ಪೇಟೆಗಳ ಖಾತೆ ವಹಿಗಳಲ್ಲಿ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವಾಣಿಜ್ಯ ಮತ್ತು ಅರ್ಥಶಾಸ್ತ್ರ ವಿಭಾಗಗಳು, ತಾಲ್ಲೂಕಿನ ಕಾಲೇಜುಗಳು ಮತ್ತು ವ್ಯಾಪಾರಸ್ಥರ ಸಂಘಗಳು ಕೂಡಿ, ಹೆಸರು ಬಹಿರಂಗಪಡಿಸದೆ, ನಾಲ್ಕೂ ಊರುಗಳ ಕೆಲವು ಅಂಗಡಿ ಮಗ್ಗಗಳ ಮಾರಾಟ, ಉದ್ರಿ, ವಸೂಲಿಗಳ ಲೆಕ್ಕವನ್ನು ಒಂದು ಹೊಸ್ತಿಲ ಹುಣ್ಣಿಮೆಯಿಂದ ಮುಂದಿನ ಹೊಸ್ತಿಲ ಹುಣ್ಣಿಮೆಯವರೆಗೆ ತಿಂಗಳು ತಿಂಗಳು ದಾಖಲಿಸುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.